ಫರ್ಡಿನಾಂಡ್ ಎಂಬ ಹೆಸರಿನ ಸಂಚಾರ

ಕಿರಿಯ: ಮೇಷ್ಟರೇ, ನಮ್ಮ ಕಿಟ್ಟೆಲರ ಪೂರ್ಣ ನಾಮಧೇಯ ಫರ್ಡಿನಾಂಡ್ ಕಿಟ್ಟೆಲ್ ಎಂದಷ್ಟೆ; ಮಂಗಳೂರಿನ ಯಾವ ಕೇರಿಗೆ ಹೋದರೂ ಫರ್ನಾಂಡಿಸ್ ಎಂಬ ಮನೆತನದ ಹೆಸರು ಕಣ್ಣಿಗೆ ಬೀಳುತ್ತದೆ. ಇವೆರಡೂ ಒಂದೇ ಹೆಸರಿನ ಎರಡು ರೂಪಗಳೆಂದು ಒಬ್ಬರು ನನ್ನೊಡನೆ ವಾದಿಸಿದರು. ಜರ್ಮನಿಯ ಪ್ರಾಟೆಸ್ಟಂಟ್ ಪಾದ್ರಿಯೆಲ್ಲಿ, ಕೊಂಕಣಿ ನುಡಿಯುವ ಕ್ಯಾಥೊಲಿಕ್ ಮನೆತನಗಳೆಲ್ಲಿ! ಉಚ್ಚಾರಣೆಯ ಆಕಸ್ಮಿಕ ಸಾಮ್ಯವನ್ನು ಕಂಡು ಮರುಳಾಗಿ ಆಡಿದ ಮಾತಲ್ಲವೆ ಅದು?

ಹಿರಿಯ: ಮರುಳಿನ ಮಾತಲ್ಲ, ಅವರು ಹೇಳಿದುದು ದಿಟ. ಆದರೆ ಆ ಎರಡು ರೂಪಗಳು ಒಂದೇ ಊರನ್ನು ಸೇರಲು ಹಿಡಿದ ದಾರಿಗಳು ಎಷ್ಟು ಬೇರೆಯಾದುವೆಂಬುದನ್ನು ಅವರು ನಿಮಗೆ ಹೇಳಿರಲಾರರು. ಹೆಸರೇನೋ ಜರ್ಮಾನಿಕ್ ಕುಲದ ನುಡಿಯೊಂದರಲ್ಲಿ ಹುಟ್ಟಿತು. ಆದರೆ ಜರ್ಮನಿಯಲ್ಲಿ ಬೆಳೆಯಲಿಲ್ಲ. ಅದನ್ನು ಸಾಕಿ ಸಲಹಿದುದು ಸ್ಪೇನ್. ಇಂದು ನಾವು ಅಪ್ಪಟ ಜರ್ಮನ್ ಎಂದು ಭಾವಿಸುವ ಫರ್ಡಿನಾಂಡ್ ಆ ದೇಶದಲ್ಲಿ ನೆಲೆಯೂರಿದುದು ಹದಿನಾರನೆಯ ಶತಮಾನದಲ್ಲಿ, ಅದೂ ಸ್ಪೇನಿನಿಂದ ಹೋದ ಒಬ್ಬ ರಾಜಕುಮಾರನ ಕಾರಣದಿಂದ.

ಕಿರಿಯ: ಹಾಗಾದರೆ ಸ್ಪೇನಿಗೆ ಅದನ್ನು ಒಯ್ದವರು ಯಾರು?

ಹಿರಿಯ: ಗಾಥರು. ಕ್ರಿ.ಶ. 376ರಲ್ಲಿ ಹೂಣರ ಹಾವಳಿಗೆ ಅಂಜಿ ಡಾನ್ಯೂಬ್ ನದಿಯನ್ನು ದಾಟಿ ರೋಮ್ ಸಾಮ್ರಾಜ್ಯದ ಆಶ್ರಯವನ್ನು ಬೇಡಿದ, 410ರಲ್ಲಿ ಅಲಾರಿಕನ ನಾಯಕತ್ವದಲ್ಲಿ ಅದೇ ರೋಮ್ ನಗರವನ್ನು ಸೂರೆಗೊಂಡ, 418ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ನೆಲೆಯನ್ನು ಪಡೆದ, 507ರಲ್ಲಿ ಫ್ರಾಂಕರಿಗೆ ಸೋತು ಪಿರನೀಸ್ ಪರ್ವತಗಳ ಆಚೆಗೆ ಸರಿದು ಟೊಲೇಡೋ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡ ಪಶ್ಚಿಮ ಗಾಥರ ಚರಿತ್ರೆಯನ್ನು ನೀವು ಓದಿಯೇ ಇದ್ದೀರಿ. 711ರಲ್ಲಿ ಮುಸಲ್ಮಾನ ಸೇನೆ ಜಲಸಂಧಿಯನ್ನು ದಾಟಿ ಬಂದಾಗ ಆ ರಾಜ್ಯ ಕುಸಿದು ಬಿದ್ದಿತು. ಅವರ ನುಡಿ ಅದಕ್ಕೂ ಮೊದಲೇ ಕ್ಷೀಣಿಸಿತ್ತು: ಏರಿಯನ್ ಪಂಥದವರಾಗಿದ್ದ ಗಾಥರು 589ರ ಟೊಲೇಡೋ ಧರ್ಮಸಭೆಯಲ್ಲಿ ಕ್ಯಾಥೊಲಿಕ್ ಮತವನ್ನು ಅಂಗೀಕರಿಸಿದ ಬಳಿಕ, ಪೂಜೆ ಪ್ರಾರ್ಥನೆಗಳಿಗೂ ಆ ನುಡಿ ಬೇಡವಾಯಿತು. ಇಷ್ಟಾದರೂ ಒಂದು ಸೋಜಿಗವನ್ನು ನೋಡಿ. ರಾಜ್ಯವೂ ನುಡಿಯೂ ಪಂಥವೂ ಅಳಿದ ಮೇಲೆ, ಉತ್ತರದ ಬೆಟ್ಟಗಾಡಿನಲ್ಲಿ ಉಳಿದುಕೊಂಡ ಸಣ್ಣ ಕ್ರೈಸ್ತ ಸಂಸ್ಥಾನಗಳ ಅರಸರು, ತಾವು ಲ್ಯಾಟಿನ್ನಿನಿಂದ ಒಡೆದ ಮಾತನ್ನೇ ಆಡುತ್ತಿದ್ದರೂ, ಮಕ್ಕಳಿಗೆ ಮಾತ್ರ ಗಾಥರ ಹೆಸರುಗಳನ್ನೇ ಇಟ್ಟರು. ಅಲ್ಫಾನ್ಸೋ, ರೊಡ್ರಿಗೋ, ಗೊನ್ಸಾಲೋ, ರಾಮಿರೋ, ಫರ್ನಾಂಡೋ ಎಲ್ಲವೂ ಆ ಗಣಿಯ ಅದಿರೇ. ಹತ್ತನೆಯ ಶತಮಾನದಲ್ಲಿ ಕಾಸ್ಟೀಲ್ ಪ್ರಾಂತಕ್ಕೆ ಸ್ವತಂತ್ರ ಪ್ರತಿಷ್ಠೆಯನ್ನು ತಂದುಕೊಟ್ಟ ಸಾಮಂತ ಫರ್ನಾನ್ ಗೊನ್ಸಾಲೆಸನ ಹೆಸರಿನಲ್ಲಿ, ನೋಡಿ, ಪೂರ್ವಾರ್ಧವೂ ಉತ್ತರಾರ್ಧವೂ ಎರಡೂ ಗಾಥಿಕ್.

ಕಿರಿಯ: ಆ ಹೆಸರಿನ ಅರ್ಥವೇನು? ಹೆಸರಿಟ್ಟ ಮೊದಲಿಗರಿಗೆ ಅರ್ಥವಾದರೂ ತಿಳಿದಿರಬೇಕಷ್ಟೆ.

ಹಿರಿಯ: ನಮ್ಮ ದೇವದತ್ತ, ಇಂದ್ರಸೇನ ಮೊದಲಾದ ಹೆಸರುಗಳಂತೆ ಜರ್ಮಾನಿಕ್ ಕುಲದ ಪ್ರಾಚೀನ ನಾಮಗಳೂ ಬಹುಮಟ್ಟಿಗೆ ಎರಡು ಪದಗಳ ಸಮಾಸಗಳು. ಇಲ್ಲಿ ಉತ್ತರಪದದ ವಿಷಯದಲ್ಲಿ ವಿವಾದವಿಲ್ಲ: ಅದು 'ನಂಥ್' ಎಂಬ ಮೂಲದ್ದು, ಧೈರ್ಯ, ಸಾಹಸ ಎಂದರ್ಥ. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಮಾಡಿದ ಬೈಬಲಿನ ಗಾಥಿಕ್ ಅನುವಾದದಲ್ಲಿ 'ಧೈರ್ಯಮಾಡು' ಎಂಬ ಅರ್ಥದ ಕ್ರಿಯಾಪದವೊಂದು ಇದೇ ಮೂಲದಿಂದ ಬಂದಿದೆ. ಆ ಅನುವಾದದ ಅತ್ಯಂತ ಪ್ರಸಿದ್ಧವಾದ ಪ್ರತಿ, ನೇರಿಳೆ ಬಣ್ಣದ ತೊಗಲಿನ ಹಾಳೆಗಳ ಮೇಲೆ ಬೆಳ್ಳಿಯ ಮಸಿಯಿಂದ ಬರೆದದ್ದು, ಇಂದು ಸ್ವೀಡನ್ನಿನ ಉಪ್ಸಾಲದಲ್ಲಿದೆ; ಅದು ಉಳಿಯದೆ ಹೋಗಿದ್ದರೆ ಗಾಥರ ಹೆಸರುಗಳನ್ನು ಬಿಡಿಸುವ ಕೀಲಿಕೈಯೇ ನಮಗೆ ಸಿಕ್ಕುತ್ತಿರಲಿಲ್ಲ. ತೊಡಕಿರುವುದು ಪೂರ್ವಪದದಲ್ಲಿ. ಅದು 'ಫ್ರಿಥು', ಅಂದರೆ ಶಾಂತಿ ಎಂಬುದು ಒಂದು ಪಕ್ಷ. ಜರ್ಮನ್ನರ 'ಫ್ರೀಡ' ಎಂಬ ಮಾತು ಅದರ ಸಂತತಿ. 'ಫರ್ಥಿ', ಅಂದರೆ ಪ್ರಯಾಣ ಎಂಬುದು ಮತ್ತೊಂದು ಪಕ್ಷ. ಜರ್ಮನ್ನರ 'ಫಾರ್ಟ್' ಅದರ ಸಂತತಿ. ಮಧ್ಯಯುಗದ ಲ್ಯಾಟಿನ್ ಪತ್ರಗಳಲ್ಲಿ ಫ್ರೆಡೆನಾಂಡಸ್ ಎಂಬ ರೂಪವೂ ಉಂಟು, ಫರ್ನಾಂಡಸ್ ಎಂಬುದೂ ಉಂಟು. ಮೊದಲನೆಯದು ಶಾಂತಿವಾದಿಗಳ ಕಡೆಗೆ ಸಾಕ್ಷಿ ನುಡಿಯುತ್ತದೆ, ಎರಡನೆಯದು ಪ್ರಯಾಣವಾದಿಗಳ ಕಡೆಗೆ.

ಕಿರಿಯ: ಇದರಲ್ಲಿ ಸಂಶಯವೇಕೆ ಮೇಷ್ಟರೇ! ಪ್ರಯಾಣವೇ ಸರಿ. ಭೂಮಂಡಲವನ್ನು ಸುತ್ತಲು ಹೊರಟ ನಾವಿಕ ಮೆಗಲನ್ನನ ಹೆಸರು ಫರ್ಡಿನಾಂಡ್. ಮೆಕ್ಸಿಕೋವನ್ನು ಗೆದ್ದ ಕೋರ್ಟೆಸನೂ ಅದೇ ಹೆಸರಿನವನಲ್ಲವೆ? ಸಾಹಸದ ಪ್ರಯಾಣಿಕ ಎಂಬ ಅರ್ಥ ಇವರಿಗೆ ಎಷ್ಟು ಸೊಗಸಾಗಿ ಒಪ್ಪುತ್ತದೆ!

ಹಿರಿಯ: ಒಪ್ಪುತ್ತದೆಂಬ ಕಾರಣಕ್ಕೇ ನಾನು ಅದನ್ನು ನಂಬಲು ಹಿಂಜರಿಯುತ್ತೇನೆ. ಮೆಗಲನ್ನನಿಗೆ ನಾಮಕರಣವಾಗುವ ಹೊತ್ತಿಗೆ ಆ ಹೆಸರಿನ ಅರ್ಥ ಮರೆತು ಎಷ್ಟೋ ಶತಮಾನಗಳು ಸಂದಿದ್ದುವು. ತೊಟ್ಟಿಲಲ್ಲಿದ್ದ ಕೂಸಿನ ಮುಂದಿನ ಯಾತ್ರೆಯನ್ನು ಗಾಥಿಕ್ ಧಾತುವೊಂದು ಮುಂಗಂಡಿತ್ತೆಂಬುದು ಜ್ಯೋತಿಷಿಗಳ ಮಾತಾಯಿತೇ ಹೊರತು ಶಬ್ದಶಾಸ್ತ್ರಜ್ಞರ ಮಾತಾಗದು. ಅಷ್ಟೇ ಅಲ್ಲ, ಹಳೆಯ ಜರ್ಮಾನಿಕ್ ಮನೆತನಗಳಲ್ಲಿ ತಂದೆಯ ಹೆಸರಿನಿಂದ ಒಂದು ಪದವನ್ನೂ ತಾಯಿಯ ಅಥವಾ ಅಜ್ಜನ ಹೆಸರಿನಿಂದ ಇನ್ನೊಂದು ಪದವನ್ನೂ ತೆಗೆದು ಜೋಡಿಸಿ ಮಗುವಿಗೆ ಹೊಸ ಹೆಸರನ್ನು ಕಟ್ಟುವ ಪದ್ಧತಿಯಿತ್ತು. ಹಾಗೆ ಕಟ್ಟಿದ ಹೆಸರಿನ ಎರಡು ಭಾಗಗಳು ಸೇರಿ ಒಂದು ಅರ್ಥವನ್ನು ಕೊಡಲೇಬೇಕೆಂಬ ನಿಯಮವಿರಲಿಲ್ಲ. ಶಾಂತಿ, ಸಾಹಸ ಎಂಬೆರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿಮಗೆ ವಿಗ್ರಹವಾಕ್ಯ ತೋಚದಿರಬಹುದು. ಇಟ್ಟವರಿಗೆ ಅದರ ಚಿಂತೆಯೇ ಇರಲಿಲ್ಲ.

ಕಿರಿಯ: ಆದರೂ ಎರಡರಲ್ಲೊಂದನ್ನು ಆರಿಸಬೇಕಷ್ಟೆ?

ಹಿರಿಯ: ಆರಿಸದೆಯೇ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಇಂಡೋ-ಯುರೋಪಿಯನ್ ಮೂಲದ 'ಪ'ಕಾರ ಜರ್ಮಾನಿಕ್ ನುಡಿಗಳಲ್ಲಿ 'ಫ'ಕಾರವಾಯಿತೆಂಬ ಸೂತ್ರವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿಶದಪಡಿಸಿದನು: ಸಂಸ್ಕೃತದ ಪಿತೃ ಇಂಗ್ಲಿಷಿನಲ್ಲಿ ಫಾದರ್, ಪಾದ ಫುಟ್. 'ಫ್ರಿಥು' ನಮ್ಮ ಪ್ರಿಯ, ಪ್ರೀತಿಗಳ ಬಂಧು. 'ಫರ್ಥಿ' ದಾಟುವುದೆಂಬ ಅರ್ಥದ ಧಾತುವಿನಿಂದ ಬಂದು, ನಮ್ಮ ಪಾರ ಎಂಬ ಶಬ್ದದ ಬಂಧು. ಯಾವ ಪಕ್ಷ ಗೆದ್ದರೂ ಹೆಸರಿನ ಆದಿಯಲ್ಲಿ ಒಂದು ಕಾಲಕ್ಕೆ 'ಪ'ಕಾರವಿದ್ದಿತೆಂಬುದು ನಿಶ್ಚಯ. ಆ 'ಪ' ಮುಂದೆ 'ಫ' ಆಯಿತು. ಕಾಸ್ಟೀಲ್ ಪ್ರಾಂತದ ಜನರ ಬಾಯಲ್ಲಿ ಅದೂ ಉಳಿಯದೆ 'ಹ' ಆಯಿತು. ಲ್ಯಾಟಿನ್ನಿನ ಫರೀನ, ಅಂದರೆ ಹಿಟ್ಟು, ಅಲ್ಲಿ ಹರೀನ ಆದಂತೆ ಫರ್ನಾಂಡೋ ಹರ್ನಾಂಡೋ ಆದನು. ಕಾಲಕ್ರಮದಲ್ಲಿ ಆ 'ಹ'ಕಾರದ ಉಸಿರೂ ಅಡಗಿ, ಬರಹದಲ್ಲಿ ಮಾತ್ರ ಉಳಿಯಿತು. ಇಂದು ಸ್ಪೇನಿನವರು ಉಚ್ಚರಿಸುವುದು ಎರ್ನಾಂಡೋ ಎಂದೇ.

ಕಿರಿಯ: ಇದು ನಮ್ಮ ಮನೆಯ ಕಥೆಯೇ ಆಯಿತಲ್ಲ! ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಮಂಡ್ಯದ ಕಡೆಯ ಒಕ್ಕಲಿಗನ ಬಾಯಲ್ಲಿ ಅದು ಆಲು, ಉಲಿ.

ಹಿರಿಯ: ಅಹುದು. 'ಹೆಸರು' ಎಂಬ ಮಾತನ್ನೇ ತೆಗೆದುಕೊಳ್ಳಿ: ಪೆಸರ್, ಹೆಸರು, ಎಸ್ರು. ಎರಡು ನುಡಿಗಳಿಗೂ ಪರಸ್ಪರ ಸಂಪರ್ಕವಿರಲಿಲ್ಲ. ಆದರೂ ತುಟಿಯ ವರ್ಣ ಗಂಟಲಿಗೆ ಜಾರಿ ಅಲ್ಲಿಂದ ಮಾಯವಾಗುವ ಕ್ರಮ ಎರಡು ಕಡೆಯೂ ನಡೆಯಿತು. ವ್ಯತ್ಯಾಸವೊಂದುಂಟು. ನಮ್ಮಲ್ಲಿ ಪೆಸರ್ ಎಂಬ ರೂಪ ಹಳೆಯ ಕಾವ್ಯಗಳಲ್ಲಿ ಮಾತ್ರ ಉಳಿಯಿತು; ಸ್ಪೇನಿನಲ್ಲಿ ಅರಮನೆಯ ಮತ್ತು ಮಠಗಳ ಲ್ಯಾಟಿನ್ ಬರಹದ ಬೆಂಬಲವಿದ್ದುದರಿಂದ ಫರ್ನಾಂಡೋ ಎಂಬುದೂ ಬಳಕೆಯಲ್ಲಿ ನಿಂತಿತು. ನೀವು ಹೇಳಿದ ಕೋರ್ಟೆಸನನ್ನು ಹರ್ನಾನ್, ಹರ್ನಾಂಡೋ, ಫರ್ನಾಂಡೋ ಎಂಬ ಮೂರು ಬಗೆಯಲ್ಲೂ ಬರೆದಿದ್ದಾರೆ. ಕೊಲಂಬಸನ ಕಿರಿಯ ಮಗ, ಸೆವಿಲ್ ನಗರದಲ್ಲಿ ಮಹಾ ಗ್ರಂಥಾಲಯವನ್ನು ಕಟ್ಟಿದವನು, ಫರ್ನಾಂಡೋ ಎಂದೂ ಹರ್ನಾಂಡೋ ಎಂದೂ ಪ್ರಸಿದ್ಧನು. ಆ ಹೆಸರಿಗೆ 'ಎಸ್' ಎಂಬ ಅಪತ್ಯಾರ್ಥದ ಪ್ರತ್ಯಯ ಹತ್ತಿದರೆ, ಅಂಥವನ ಮಗ ಎಂಬ ಅರ್ಥದಲ್ಲಿ ಫರ್ನಾಂಡೆಸ್, ಹರ್ನಾಂಡೆಸ್. ಮೊದಮೊದಲು ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಆ ಪಿತೃನಾಮಗಳು ಆಮೇಲೆ ಹೆಪ್ಪುಗಟ್ಟಿ ಕುಲನಾಮಗಳಾದುವು. ಮೆಕ್ಸಿಕೋ ದೇಶದಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಕುಲನಾಮ ಹರ್ನಾಂಡೆಸ್ ಎಂಬುದೇ.

ಕಿರಿಯ: ಇಷ್ಟು ಪ್ರಚಾರಕ್ಕೆ ಕಾರಣವೇನು? ಗಾಥರ ಹೆಸರುಗಳು ಬೇರೆಯೂ ಇದ್ದುವಷ್ಟೆ.

ಹಿರಿಯ: ಅರಸರು. 1230ರಲ್ಲಿ ಕಾಸ್ಟೀಲ್ ಮತ್ತು ಲಿಯೋನ್ ರಾಜ್ಯಗಳನ್ನು ಒಂದುಗೂಡಿಸಿದ, 1236ರಲ್ಲಿ ಕಾರ್ಡೋಬವನ್ನೂ 1248ರಲ್ಲಿ ಸೆವಿಲ್ಲನ್ನೂ ವಶಪಡಿಸಿಕೊಂಡ ಮೂರನೆಯ ಫರ್ನಾಂಡೋನನ್ನು ಚರ್ಚು 1671ರಲ್ಲಿ ಸಂತನೆಂದು ಘೋಷಿಸಿತು. ಅದಕ್ಕೂ ಮೊದಲೇ ಅರಗಾನಿನ ಅರಸುಮನೆಯವರು ಆ ಹೆಸರನ್ನು ಇಟಲಿಗೆ ಒಯ್ದಿದ್ದರು: 1442ರಲ್ಲಿ ನೇಪಲ್ಸನ್ನು ಗೆದ್ದ ಅಲ್ಫಾನ್ಸೋನ ಮಗನಿಗೆ ಫೆರ್ರಾಂತೆ ಎಂದು ಹೆಸರು; ಇಟಲಿಯವರು ಫರ್ನಾಂಡೋನನ್ನು ಹಾಗೆ ಮೊಟಕುಗೊಳಿಸಿದರು. ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕವನ್ನು ಸ್ಮರಿಸಿಕೊಳ್ಳಿ. ಕುವೆಂಪು ಅವರ 'ಬಿರುಗಾಳಿ' ಅದರದೇ ರೂಪಾಂತರ. ಮೂಲದಲ್ಲಿ ನೇಪಲ್ಸಿನ ದೊರೆ ಅಲೊನ್ಸೋ, ಅವನ ಮಗ ಫರ್ಡಿನಾಂಡ್. ಹಡಗೊಡೆದು ದ್ವೀಪವನ್ನು ಸೇರಿದ ತಂದೆಮಕ್ಕಳಿಬ್ಬರದೂ ಗಾಥರ ಹೆಸರುಗಳೇ.

ಕಿರಿಯ: ಇನ್ನು ಜರ್ಮನಿಯ ಸಂಗತಿ ಹೇಳಿ. ಕಿಟ್ಟೆಲರವರೆಗೆ ನಾವಿನ್ನೂ ಬಂದಿಲ್ಲ.

ಹಿರಿಯ: ಅಲ್ಲಿಯೇ ಕಥೆಯ ರಸವಿರುವುದು. 1492ರಲ್ಲಿ ಗ್ರನಾಡವನ್ನು ಗೆದ್ದು, ಅದೇ ವರ್ಷ ರಾಣಿ ಇಸಬೆಲ್ಲಳೊಡನೆ ಕೊಲಂಬಸನನ್ನು ಸಮುದ್ರಕ್ಕೆ ಕಳುಹಿಸಿದ ಅರಗಾನಿನ ಫರ್ಡಿನಾಂಡನ ಮಗಳು ಹುಆನಳು ಆಸ್ಟ್ರಿಯದ ಹಾಪ್ಸ್‌ಬರ್ಗ್ ಮನೆತನದ ಫಿಲಿಪನನ್ನು ವರಿಸಿದಳು. ಅವರ ಹಿರಿಯ ಮಗ ಚಾರ್ಲ್ಸ್ 1500ರಲ್ಲಿ ಗೆಂಟ್ ನಗರದಲ್ಲಿ ಹುಟ್ಟಿ ಅಲ್ಲೇ ಆ ಸೀಮೆಯ ಆಚಾರವ್ಯವಹಾರಗಳಲ್ಲಿ ಬೆಳೆದನು. ಕಿರಿಯವನು 1503ರಲ್ಲಿ ಸ್ಪೇನಿನ ಅಲ್ಕಲಾದಲ್ಲಿ ಹುಟ್ಟಿ, ತಾಯಿಯ ತಂದೆಯ ಹೆಸರನ್ನೇ ಪಡೆದು, ಸ್ಪೇನಿನ ಹುಡುಗನಾಗಿಯೇ ಬೆಳೆದನು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿಯಂತೆ ಅಲ್ಲಿಯೂ ವಾಡಿಕೆ. ವಿಧಿಯ ವಿನೋದವೆಂದರೆ, ಸ್ಪೇನಿನ ಮಾತು ಬಾರದ ಅಣ್ಣ ಸ್ಪೇನಿನ ದೊರೆಯಾದನು. ಜರ್ಮನ್ ಮಾತು ಬಾರದ ತಮ್ಮನ ಪಾಲಿಗೆ ಆಸ್ಟ್ರಿಯ ಬಂದಿತು. 1526ರಲ್ಲಿ ಅವನು ಬೊಹೀಮಿಯ ಮತ್ತು ಹಂಗೆರಿಗಳಿಗೂ ದೊರೆಯಾಗಿ, ಅಣ್ಣ ಸಿಂಹಾಸನವನ್ನು ತ್ಯಜಿಸಿದ ತರುವಾಯ ಒಂದನೆಯ ಫರ್ಡಿನಾಂಡ್ ಎಂಬ ಅಭಿಧಾನದಿಂದ ಚಕ್ರವರ್ತಿಯಾದನು. ವಿಯೆನ್ನದ ಜನಕ್ಕೆ ಆ ಹೆಸರು ಪರದೇಶದ್ದು. ಅದರ ಎರಡು ಪದಗಳೂ ತಮ್ಮ ನುಡಿಯ ಒಡಹುಟ್ಟುಗಳೆಂಬುದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ. ತವರಿನವರೇ ಗುರುತು ಹಿಡಿಯದ ಮಗಳಂತೆ ಅದು ಆ ನಾಡನ್ನು ಹೊಕ್ಕಿತು. ಹಂಗೆರಿಯವರು ಅದನ್ನು ನಾಂದೋರ್ ಎಂದು ತಮ್ಮದಾಗಿಸಿಕೊಂಡರು. ಪೋಲೆಂಡಿನವರು ಫರ್ಡಿನಂದ್ ಎಂದರು.

ಕಿರಿಯ: ಹಾಪ್ಸ್‌ಬರ್ಗರು ಕಡು ಕ್ಯಾಥೊಲಿಕರು. ಕಿಟ್ಟೆಲರ ಮನೆ ಪ್ರಾಟೆಸ್ಟಂಟರದು.

ಹಿರಿಯ: ಒಳ್ಳೆಯ ಆಕ್ಷೇಪ. ಮೂವತ್ತು ವರ್ಷಗಳ ಯುದ್ಧದಲ್ಲಿ ಪ್ರಾಟೆಸ್ಟಂಟರ ಪರಮ ವೈರಿಯಾಗಿ ನಿಂತವನು ಎರಡನೆಯ ಫರ್ಡಿನಾಂಡ್ ಚಕ್ರವರ್ತಿಯೇ. ಆದರೆ ಹೆಸರುಗಳಿಗೆ ಮತಭೇದದ ಮಡಿ ಬಹಳ ಕಾಲ ನಿಲ್ಲದು. ಹದಿನೆಂಟನೆಯ ಶತಮಾನದ ಹೊತ್ತಿಗೆ ಪ್ರಾಟೆಸ್ಟಂಟ್ ರಾಜಮನೆತನಗಳಲ್ಲೂ ಅದು ಬಳಕೆಗೆ ಬಂದಿತ್ತು. 1759ರಲ್ಲಿ ಮಿಂಡೆನ್ ಕದನದಲ್ಲಿ ಫ್ರೆಂಚರನ್ನು ಸೋಲಿಸಿದ ಬ್ರನ್ಸ್‌ವಿಕ್ಕಿನ ಫರ್ಡಿನಾಂಡ್ ಪ್ರಾಟೆಸ್ಟಂಟ್ ಪಕ್ಷದ ವೀರನೇ. ಅರಸರಿಂದ ಸರದಾರರಿಗೆ, ಅವರಿಂದ ಗೃಹಸ್ಥರಿಗೆ ಇಳಿಯುವುದು ಹೆಸರುಗಳ ಸ್ವಭಾವ. 1832ರಲ್ಲಿ ಜರ್ಮನಿಯ ವಾಯವ್ಯದಲ್ಲಿ ಸಮುದ್ರದ ಅಂಚಿಗಿರುವ ಪೂರ್ವ ಫ್ರಿಸಿಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ ಹುಟ್ಟಿದ ಮಗುವಿಗೆ ಅದನ್ನಿಟ್ಟಾಗ, ಸ್ಪೇನಿನ ನೆನಪಾಗಲಿ ಗಾಥರ ನೆನಪಾಗಲಿ ಯಾರಿಗೂ ಇದ್ದಿರಲಾರದು. ಇಂಗ್ಲೆಂಡಿನಲ್ಲಿ ಮಾತ್ರ ಅದು ಎಂದೂ ಬೇರೂರಲಿಲ್ಲ. ಹದಿನಾರು ಹದಿನೇಳನೆಯ ಶತಮಾನಗಳ ಕೆಲವು ಶ್ರೀಮಂತ ಮನೆತನಗಳು ಫರ್ಡಿನಾಂಡೋ ಎಂಬ ಇಟಲಿಯ ರೂಪದಲ್ಲಿ ಅದನ್ನು ಆಡಂಬರಕ್ಕಾಗಿ ಧರಿಸಿ ಬಿಟ್ಟುವು. ಅಂತೂ ಯುರೋಪಿನ ಅರಮನೆಗಳಲ್ಲಿ ಅದು ಎಷ್ಟು ಸಾಮಾನ್ಯವಾಯಿತೆಂದರೆ, 1914ರಲ್ಲಿ ಸಾರಾಯೆವೋದಲ್ಲಿ ಫ್ರಾಂಜ್ ಫರ್ಡಿನಾಂಡನ ಕೊಲೆಯಿಂದ ಹೊತ್ತಿಕೊಂಡ ಮಹಾಯುದ್ಧದಲ್ಲಿ ಬಲ್ಗೇರಿಯದ ದೊರೆ ಫರ್ಡಿನಾಂಡ್ ಒಂದು ಪಕ್ಷಕ್ಕೂ ರುಮೇನಿಯದ ದೊರೆ ಫರ್ಡಿನಾಂಡ್ ಎದುರು ಪಕ್ಷಕ್ಕೂ ಸೇರಿದರು. ಪೂರ್ವಪದಕ್ಕೆ ಶಾಂತಿ ಎಂಬ ಅರ್ಥವೇ ಸರಿಯಾಗಿದ್ದ ಪಕ್ಷದಲ್ಲಿ, ಇದಕ್ಕಿಂತ ಕಹಿಯಾದ ಪರಿಹಾಸ್ಯ ಬೇರೊಂದಿಲ್ಲ.

ಕಿರಿಯ: ಕರ್ಣಾಟಕಕ್ಕೆ ಈ ಹೆಸರನ್ನು ಮೊದಲು ತಂದವರು ಕಿಟ್ಟೆಲರೋ, ಫರ್ನಾಂಡಿಸರೋ?

ಹಿರಿಯ: ಕಿಟ್ಟೆಲರಂತೂ ಅಲ್ಲ, ಅವರು ಬಂದದ್ದು 1853ರಲ್ಲಿ. ಅವರಿಗಿಂತ ಮುನ್ನೂರು ವರ್ಷ ಹಿಂದೆ, ಅಚ್ಯುತರಾಯನ ಆಳಿಕೆಯಲ್ಲಿ, ವಿಜಯನಗರಕ್ಕೆ ಕುದುರೆಗಳನ್ನು ಮಾರಲು ಬಂದು ಅಲ್ಲಿ ಕೆಲಕಾಲ ನಿಂತು, ಆ ಅರಸರ ಚರಿತ್ರೆಯನ್ನು ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್ ನಿಮಗೆ ಪರಿಚಿತನೇ. ಅವನ ಪೂರ್ಣ ಹೆಸರು ಫೆರ್ನಾಂವ್ ನೂನೆಸ್. ಫರ್ನಾನ್ ಎಂಬುದರ ಕೊನೆಯ ನಕಾರವನ್ನು ಪೋರ್ಚುಗೀಸರು ಅನುನಾಸಿಕವಾಗಿಸಿ ಮೂಗಿನಲ್ಲಿ ಉಚ್ಚರಿಸುತ್ತಾರೆ. ನಮ್ಮ ಮೆಗಲನ್ನನೂ ಅವನ ಸ್ವಂತ ನುಡಿಯಲ್ಲಿ ಫೆರ್ನಾಂವ್. ಅವನು ತನ್ನ ಮಹಾಯಾತ್ರೆಗೆ ಮೊದಲು, 1505ರಲ್ಲಿ ಅಲ್ಮೇಡನ ನೌಕಾಪಡೆಯಲ್ಲಿ ಸೈನಿಕನಾಗಿ ಭಾರತಕ್ಕೆ ಬಂದವನೇ. ನೂನಿಜನ ಬರಹವನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸೀವೆಲ್ಲರ ಹೆಸರು ರಾಬರ್ಟ್. ಅದೂ ಜರ್ಮಾನಿಕ್ ಮೂಲದ್ದೇ, ಆದರೆ ಅದರ ಕಥೆ ಬೇರೆ.

ಕಿರಿಯ: ಫರ್ನಾಂಡಿಸರ ಮಾತನ್ನು ಹೇಳಲಿಲ್ಲ. ಅವರು ಯಾವ ಫರ್ನಾಂಡೋನ ಸಂತತಿ?

ಹಿರಿಯ: ಯಾವ ಫರ್ನಾಂಡೋನ ಸಂತತಿಯೂ ಅಲ್ಲ. 1510ರಲ್ಲಿ ಅಫಾನ್ಸೋ ಡಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಬಳಿಕ ಅಲ್ಲಿ ಮತಾಂತರಗೊಂಡವರಿಗೆ, ದೀಕ್ಷೆಯನ್ನಿತ್ತ ಪಾದ್ರಿಯ ಅಥವಾ ಜ್ಞಾನಪಿತನಾಗಿ ನಿಂತ ಪೋರ್ಚುಗೀಸನ ಕುಲನಾಮವನ್ನು ಕೊಡುವ ರೂಢಿಯಿತ್ತು. ಹೀಗೆ ಕೊಂಕಣಿ ಮನೆಗಳಿಗೆ ಫರ್ನಾಂಡಿಸ್, ರೊಡ್ರಿಗಸ್, ಗೊನ್ಸಾಲ್ವಿಸ್ ಎಂಬ ಹೆಸರುಗಳು ಬಂದುವು. ಇವುಗಳಲ್ಲಿ ಒಂದೊಂದರ ಬುಡದಲ್ಲೂ ಗಾಥ ವೀರನೊಬ್ಬನ ಹೆಸರು ಕುಳಿತಿದೆ. ಆ ಮನೆಗಳ ರಕ್ತದಲ್ಲಿ ಗಾಥರ ಹನಿಯೂ ಇರಬೇಕಾಗಿಲ್ಲ. ಮುಂದೆ ಆ ಕುಟುಂಬಗಳಲ್ಲಿ ಎಷ್ಟೋ, ಹದಿನಾರರಿಂದ ಹದಿನೆಂಟನೆಯ ಶತಮಾನಗಳ ಅವಧಿಯಲ್ಲಿ, ಗೋವೆಯನ್ನು ತೊರೆದು ದಕ್ಷಿಣಕ್ಕೆ ಕನ್ನಡ ಜಿಲ್ಲೆಗೆ ಬಂದು ಬೇಸಾಯಕ್ಕೆ ನಿಂತುವು. 1784ರಲ್ಲಿ ಟೀಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ತರುವಾಯ ಅಳಿದುಳಿದವರು ಹಿಂದಿರುಗಿದಾಗಲೂ ಆ ಹೆಸರುಗಳು ಅವರೊಡನೆಯೇ ಹಿಂದಿರುಗಿದುವು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 1974ರ ರೈಲ್ವೆ ಮುಷ್ಕರವನ್ನು ನಡೆಸಿ, ಮುಂದೆ ದೇಶದ ರಕ್ಷಣಾ ಮಂತ್ರಿಯಾದ ಜಾರ್ಜ್ ಫರ್ನಾಂಡಿಸರಲ್ಲಿ ಅದನ್ನು ಭಾರತವೆಲ್ಲ ಕೇಳಿತು. ಸಿಂಹಳಕ್ಕೂ ಪೋರ್ಚುಗೀಸರು ಅದನ್ನು ಒಯ್ದರು. ಅಲ್ಲಿ ಫರ್ನಾಂಡೋ ಎಂಬುದು ಬಹು ಸಾಮಾನ್ಯವಾದ ಕುಲನಾಮ. 'ಫ'ಕಾರ ತಮ್ಮ ನುಡಿಗೆ ಸಹಜವಲ್ಲದ್ದರಿಂದ ಸಿಂಹಳೀಯರು ಅದನ್ನು ಪ್ರನಾಂದು ಎಂದು ಬರೆಯುತ್ತಾರೆ. ತಮಿಳರೂ ಪಕಾರದಿಂದಲೇ ಬರೆಯುತ್ತಾರೆ. ಗ್ರಿಮ್ ಸೂತ್ರ ಯಾವ 'ಪ'ವನ್ನು ಸಾವಿರಾರು ವರ್ಷಗಳ ಹಿಂದೆ ಕಸಿದುಕೊಂಡಿತ್ತೋ, ಅದನ್ನು ಲಂಕೆಯ ಬೆಸ್ತರು ತಮಗೆ ತಿಳಿಯದೆಯೇ ಮರಳಿ ಕೊಟ್ಟರು.

ಕಿರಿಯ: ಹಾಗಾದರೆ ಕಿಟ್ಟೆಲರು ಮಂಗಳೂರಿನಲ್ಲಿ ತಮ್ಮ ನೆರೆಯ ಫರ್ನಾಂಡಿಸರನ್ನು ನಾಮಬಂಧುಗಳೆಂದು ಗುರುತಿಸಿರಬಹುದೆ?

ಹಿರಿಯ: ಅದನ್ನು ಊಹಿಸಿ ಕಥೆ ಕಟ್ಟುವುದು ಬೇಡ. ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ, ಸುಮಾರು 70,000 ಶಬ್ದಗಳ ಅವರ ನಿಘಂಟಿನಲ್ಲಿ ಪಕಾರದ ಹಳೆಯ ರೂಪಗಳಿಗೂ ಹಕಾರದ ಹೊಸ ರೂಪಗಳಿಗೂ ಸ್ಥಾನವುಂಟು, 1903ರ ಅವರ ವ್ಯಾಕರಣ ಪ್ರಾಚೀನ, ಮಧ್ಯಮ, ಆಧುನಿಕ ಎಂಬ ಮೂರು ಅವಸ್ಥೆಗಳ ಕನ್ನಡವನ್ನೂ ಒಟ್ಟಿಗೆ ವಿವರಿಸುತ್ತದೆ. ಪಕಾರ ಹಕಾರವಾಗುವ ಬಗೆಯನ್ನು ಅವರಷ್ಟು ಬಲ್ಲವರು ವಿರಳ.

ಕಿರಿಯ: ನನ್ನ ಬಂಧುವೊಬ್ಬರು ಮಕ್ಕಳ ಹೆಸರುಗಳ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಕರಾವಳಿಯ ಕ್ರೈಸ್ತರ ಹೆಸರುಗಳನ್ನೂ ಸೇರಿಸಬೇಕೆಂದು ಅವರ ಇಚ್ಛೆ. ಫರ್ಡಿನಾಂಡ್ ಎಂಬುದರ ಎದುರು ಏನೆಂದು ಬರೆಯಲಿ?

ಹಿರಿಯ: ಗಾಥಿಕ್ ಮೂಲದ ನಾಮ, ಉತ್ತರಪದಕ್ಕೆ ಸಾಹಸವೆಂದರ್ಥ, ಪೂರ್ವಪದದಲ್ಲಿ ಶಾಂತಿ, ಪ್ರಯಾಣ ಎಂದು ಎರಡು ಪಕ್ಷ. ಇಷ್ಟು ಬರೆದು ನಿಲ್ಲಿಸಲಿ. ಅಂಗಡಿಯಲ್ಲಿ ಮಾರುವ ಕೈಪಿಡಿಗಳಂತೆ 'ವೀರಯಾತ್ರಿಕ' ಎಂಬ ಒಂದೇ ಅರ್ಥವನ್ನು ಅಧಿಕಾರವಾಣಿಯಿಂದ ಅಚ್ಚುಹಾಕಿ ತಂದೆತಾಯಿಗಳನ್ನು ಸಂತೋಷಪಡಿಸುವುದು ಬೇಡ. ಆ ಬಂಧುಗಳಿಗೆ ಉತ್ಸಾಹವಿದ್ದರೆ ಇದಕ್ಕಿಂತ ಹಿರಿದಾದ ಕೆಲಸವೊಂದಿದೆ. ಗೋವೆಯಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಇಗರ್ಜಿಗಳ ದೀಕ್ಷಾಸ್ನಾನದ ದಾಖಲೆಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ, ಕೊಂಕಣಿ, ಪೋರ್ಚುಗೀಸ್, ಕನ್ನಡ ಮೂರನ್ನೂ ಬಲ್ಲ ಒಬ್ಬರು ಕುಳಿತು, ಯಾವ ಮನೆತನಕ್ಕೆ ಯಾವ ಹೆಸರು ಯಾರಿಂದ ಬಂದಿತೆಂಬುದನ್ನು ಪಟ್ಟಿಮಾಡಬೇಕು. ಕಾಗದ ನಮ್ಮ ಮಳೆಗಾಲವನ್ನು ಬಹುಕಾಲ ತಾಳುವುದಿಲ್ಲ. ಮಾಡುವುದಿದ್ದರೆ ಬೇಗ ಮಾಡಲಿ.